ಅರ್ಧ ಗ್ಯಾಲರಿ ಆಚೆಯೂರಿಗೆ

ನಮ್ಮೂರ ಮೈದಾನದಲ್ಲಿ ಚೆಂಡು ಸದ್ದಿನ ಕಡೆಗೆ ವಾಲುತ್ತದೆ. ಎಲ್ಲಿ ಗದ್ದಲ ಜಾಸ್ತಿಯೋ ಅಲ್ಲಿಗೆ ಉರುಳುತ್ತದೆ, ಅಷ್ಟೆ. ಗುಡ್ಡದಾಚೆಗಿನ ಆಚೆಯೂರಿನ ಮೈದಾನದಲ್ಲೂ ಹಾಗೆಯೇ. ಹೊರಗಿನಿಂದ ಬಂದವರು ಇದನ್ನು ಕೇಳಿ ಹುಬ್ಬೇರಿಸುತ್ತಾರೆ. ಅವರ ಊರುಗಳಲ್ಲಿ ಚೆಂಡು ಒದ್ದ ಕಡೆಗೇ ಹೋಗುತ್ತದಂತೆ ಎಂದು ಕೇಳಿ ನಾವೂ ಹುಬ್ಬೇರಿಸುತ್ತೇವೆ. ಪಂದ್ಯದ ದಿನ ಬಸ್ಸಿನವರು ನಮ್ಮನ್ನು ಊರ ಹೊರಗಿನ ಹೊಂಗೆಮರದ ಹತ್ತಿರವೇ ಇಳಿಸಿಬಿಡುತ್ತಾರೆ, ಏಕೆಂದರೆ ಹಿಂದೊಮ್ಮೆ ಬಸ್ಸಿನ ಹಾರ್ನೇ ಒಂದು ಗೋಲು ಹೊಡೆದಿತ್ತು. ಹಿಟ್ಟಿನ ಗಿರಣಿ ಬಂದ್ ಆಗುತ್ತದೆ. ಹುಂಜಗಳನ್ನು ಬುಟ್ಟಿ ಕವುಚಿ ಕೂಡಿಹಾಕುತ್ತಾರೆ. ದೇವಸ್ಥಾನದ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತುತ್ತಾರೆ, ಆ ಬಟ್ಟೆಯನ್ನು ನನ್ನ ಅಂಗಡಿಯಿಂದಲೇ ಸೇವೆಯೆಂದು ಕೊಡುತ್ತೇನೆ. ಕಡಲೆಕಾಯಿ ಮಾರುವವನು ಕೈಸನ್ನೆಯಲ್ಲೇ ವ್ಯಾಪಾರ ಮುಗಿಸುತ್ತಾನೆ.

ಆಟ ಹೀಗಿರುವುದರಿಂದ ಆಟಗಾರರಿಗೆ ಅಷ್ಟೇನೂ ಕಷ್ಟವಿಲ್ಲ. ಚೆಂಡು ಹತ್ತಿರ ಬಂದಾಗ ಕಾಲು ಅಡ್ಡ ಸಿಕ್ಕದಂತೆ ನೋಡಿಕೊಂಡರೆ ಸಾಕು. ಕಷ್ಟವೆಲ್ಲ ನೋಡಲು ಬಂದವರದ್ದು. ಮೈದಾನದ ಎರಡು ತುದಿಗೆ, ಗೋಲುಗಳ ಬೆನ್ನಿಗೆ, ಒಂದೊಂದು ಗ್ಯಾಲರಿ ಇದೆ. ನಮ್ಮವರು ಎದುರಾಳಿಯ ಗೋಲಿನ ಹಿಂದೆ ಕೂತು ಕೂಗಬೇಕು, ಅವರು ನಮ್ಮ ಗೋಲಿನ ಹಿಂದೆ. ಅರ್ಧ ಆಟ ಮುಗಿದು ತಂಡಗಳು ದಿಕ್ಕು ಬದಲಿಸಿದಾಗ ಜನವೂ ಎದ್ದು ಚಾಪೆ, ನೀರಿನ ಬಿಂದಿಗೆ, ಬುತ್ತಿಗಂಟುಗಳನ್ನು ಹೊತ್ತು ಎದುರು ತುದಿಗೆ ನಡೆಯಬೇಕು. ಹಾಗೆ ನಡೆಯುವಾಗ ಎರಡೂರಿನವರು ಮೈದಾನದ ನಟ್ಟನಡುವೆ ಎದುರುಬದುರಾಗುತ್ತಾರೆ. ನಮ್ಮ ಎರಡೂರುಗಳ ಮದುವೆಗಳಲ್ಲಿ ಹೆಚ್ಚಿನವು ಗೊತ್ತಾದದ್ದು ಅಲ್ಲೇ. ಮನೆಗೆ ಹೋಗಿ ಉಪ್ಪಿಟ್ಟು ತಿಂದು ಹೆಣ್ಣು ನೋಡುವುದಕ್ಕಿಂತ ಇದು ಸಲೀಸು, ಹುಡುಗಿಯ ನಡಿಗೆಯೂ ಕಾಣುತ್ತದೆ, ಗಂಟಲೂ ತಿಳಿಯುತ್ತದೆ.

ಯಾರ ಕೂಗು ದೊಡ್ಡದೋ ಅವರು ಗೆಲ್ಲುವುದರಿಂದ, ನಮ್ಮಲ್ಲಿ ಆಟ ನಡೆಯುವುದು ಟಿಕೆಟ್ ಹಂಚುವಾಗ. ಮೈದಾನ ಯಾರದೋ ಹಂಚಿಕೆ ಅವರದು. ಆಚೆಯೂರಿನವರಿಗೆ ನಾವು ಅವರ ಗ್ಯಾಲರಿಯ ಮೂಲೆಯ ಮೆಟ್ಟಿಲುಗಳನ್ನಷ್ಟೇ ಕೊಡುತ್ತಿದ್ದೆವು. ಉಳಿದ ಜಾಗ ಖಾಲಿ ಬಿಟ್ಟರೆ ಕೇಳುತ್ತಾರಲ್ಲ, ಅದಕ್ಕೆ ಅಲ್ಲಿ ಹುಲ್ಲಿನ ಹೊರೆ ಒಣಹಾಕುತ್ತಿದ್ದೆವು. ಬಿಡುವಿನಲ್ಲಿ ಜನ ಗ್ಯಾಲರಿ ಬದಲಿಸಿದಾಗ ಹುಲ್ಲನ್ನೂ ಹೊತ್ತು ಆಚೆ ತುದಿಗೆ ಸಾಗಿಸುತ್ತಿದ್ದೆವು. ಅವರ ಮೈದಾನಕ್ಕೆ ನಾವು ಹೋದಾಗ ಹುಲ್ಲಿನ ಬದಲು ಬೆರಣಿ ಇರುತ್ತಿತ್ತು. ಹೀಗಾಗಿ ನಮ್ಮಲ್ಲಿ ನಾವು ಗೆಲ್ಲುವುದು, ಅವರಲ್ಲಿ ಅವರು ಗೆಲ್ಲುವುದು, ಗೆದ್ದವರ ಬಹುಮಾನದ ಕಪ್ಪು ಗುಡ್ಡ ಹತ್ತಿ ಇಳಿದು ಮಾಡುವುದು ನಡೆದುಕೊಂಡು ಬಂದಿತ್ತು.

ಟಿಕೆಟ್ ಸಮಿತಿಗೆ ನಾನೇ ಮುಖ್ಯಸ್ಥ. ನನ್ನ ಹೆಸರು ಗುರುಸಿದ್ದಯ್ಯ, ಪೇಟೆಬೀದಿಯಲ್ಲಿ ಜವಳಿ ಅಂಗಡಿ. ಬಟ್ಟೆ ಅಳೆದು ಹರಿಯುವಾಗ ಗಜದ ಕೋಲಿನಿಂದಾಚೆ ಒಂದು ಬೆರಳಗಲ ಜಾಸ್ತಿ ಬಿಡುವುದು ನಮ್ಮ ತಂದೆಯವರ ಕಾಲದಿಂದ ಬಂದ ಪದ್ಧತಿ. ಅದನ್ನು ನೋಡಿ ಊರಿನವರು ನ್ಯಾಯ ಎಂದರೆ ಗುರುಸಿದ್ದಯ್ಯ ಎಂದು ತೀರ್ಮಾನಿಸಿ ಈ ಕೆಲಸ ಹಚ್ಚಿದರು. ಹುಲ್ಲಿನ ಉಪಾಯವೂ ನನ್ನದೇ ಎನ್ನುವುದು ಬೇರೆ ಮಾತು.

ನನ್ನ ಹೆಂಡತಿ ಸರ್ವಮಂಗಳ ಆಚೆಯೂರಿನವಳು. ನಾನು ಅವಳನ್ನು ಮೊದಲು ನೋಡಿದ್ದೂ ಮೈದಾನದ ನಡುವೆಯೇ. ಮಜ್ಜಿಗೆಯ ತಂಬಿಗೆ ಹಿಡಿದು ಎದುರಿನಿಂದ ಬರುತ್ತಿದ್ದವಳು ಹಿಂದೆ ಉಳಿದಿದ್ದ ತಮ್ಮನಿಗೆ, "ಚಾಪೆ ಮರ್ತು ಬಂದ್ಯೇನೋ" ಎಂದು ಒಂದು ಕೂಗು ಹಾಕಿದಳು. ರೆಫರಿಯ ಕಂಕುಳಲ್ಲಿ ಭದ್ರವಾಗಿದ್ದ ಚೆಂಡು ಪುಟಿದು ಬಂದು ಅವಳ ಕಾಲಬಳಿ ಬಿತ್ತು. ನನ್ನ ಸ್ಥಿತಿಯೂ ಹೆಚ್ಚುಕಡಿಮೆ ಅದೇ ಆಯಿತು. ಆಚೆಯೂರು ಅಷ್ಟು ವರ್ಷ ಗೆದ್ದ ಗೋಲುಗಳಲ್ಲಿ ಬಹಳಷ್ಟು ಆ ಗಂಟಲಿನವು ಎಂದು ಆಮೇಲೆ ತಿಳಿಯಿತು. ಮದುವೆಗೆ ನಮ್ಮೂರಿಗೆ ಊರೇ ಟೊಂಕ ಕಟ್ಟಿ ನಿಂತಿತು. ನನಗೆ ಹುಡುಗಿ ಬೇಕಾಗಿತ್ತು, ಊರಿಗೆ ಆ ಗಂಟಲು ಅಲ್ಲಿಂದ ಹೊರಬರಬೇಕಾಗಿತ್ತು. ಪ್ರತಿಯಾಗಿ ನನ್ನ ತಂಗಿ ಶಶಿರೇಖೆಯನ್ನು ಮಂಗಳೆಯ ತಮ್ಮ ಷಡಕ್ಷರಿಗೆ ಕೊಟ್ಟೆವು. ಅವನೀಗ ಆಚೆಯೂರಿನ ಕ್ಲಬ್ಬಿನ ಕಾರ್ಯದರ್ಶಿ.

ಹಾಗೆ ಬಂದ ಮೇಲೆ ಮಂಗಳೆ ಮೈದಾನದೊಳಗೆ ಕಾಲಿಟ್ಟಿಲ್ಲ. ತಂದ ಹೆಣ್ಣಿಗೆ ಟಿಕೆಟ್ ಇಲ್ಲವೆನ್ನುವುದು ನಮ್ಮೂರ ನಿಯಮ, ಕೂಗಬೇಕಾದ ಗಳಿಗೆಯಲ್ಲಿ ತವರಿನ ಕಡೆ ಮನಸ್ಸು ಹರಿದರೆ ಎಂದು ಭಯ. ಕೊಟ್ಟ ಹೆಣ್ಣಿಗೆ ಟಿಕೆಟ್ ಇಲ್ಲವೆನ್ನುವುದು ಆಚೆಯೂರಿನ ನಿಯಮ, ಅವರಿಗೂ ಅದೇ ಭಯ, ತಿರುಗುಮುರುಗಾಗಿ. ನಮ್ಮ ಮನೆಯ ಹಿತ್ತಿಲು ಮೈದಾನದ ಬೇಲಿಗೆ ಅಂಟಿಕೊಂಡೇ ಇದೆ. ಪಂದ್ಯದ ದಿನ ಅವಳು ನಡುಮನೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಾಳೆ, ಅದು ಸದ್ದಿಲ್ಲದ ಕೆಲಸ. ವರ್ಷಗಟ್ಟಲೆ ಹಾಗೆ ಹೊಸೆದು ಹೊಸೆದು ಅವಳ ಮಾತೇ ಹತ್ತಿಯ ಹಾಗೆ ಮೆತ್ತಗಾಗಿಹೋಗಿತ್ತು. ಒಲೆಯ ಮುಂದಿನಿಂದ ಊಟಕ್ಕೆ ಕರೆದರೆ ಪಡಸಾಲೆಗೆ ಕೇಳುತ್ತಿರಲಿಲ್ಲ.

ಈ ಸಲ ಎಡವಟ್ಟಾಯಿತು. ಆಚೆಯೂರಿನ ಮೈದಾನವನ್ನು ನೀರಿನ ಪೈಪು ಹಾಕಲು ಅಗೆದುಬಿಟ್ಟಿದ್ದರು. ಆದ್ದರಿಂದ ಒಂದೇ ಪಂದ್ಯ, ನಮ್ಮಲ್ಲಿ, ಗೆದ್ದವರಿಗೆ ಕಪ್ಪು ಎಂದು ಫುಟ್‌ಬಾಲ್ ಮಂಡಳಿ ತೀರ್ಮಾನಿಸಿತು. ಅಷ್ಟಕ್ಕೇ ಬಿಟ್ಟಿದ್ದರೆ ನಾವು ಮಂಡಳಿಯವರಿಗೆ ಹಾರ ಹಾಕುತ್ತಿದ್ದೆವು. ಆದರೆ ಟಿಕೆಟುಗಳಲ್ಲಿ ಸರಿಯಾಗಿ ಅರ್ಧ ಆಚೆಯೂರಿನವರಿಗೆ ಹೋಗಬೇಕು, ಇಲ್ಲವಾದರೆ ಕಪ್ಪನ್ನು ಆಟವಿಲ್ಲದೆ ಅವರಿಗೇ ಕೊಟ್ಟುಬಿಡುತ್ತೇವೆ ಎಂದು ಬಾಲ ಸೇರಿಸಿತ್ತು.

ನಮ್ಮ ಕ್ಲಬ್ಬಿನ ಅಧ್ಯಕ್ಷರು ಗಫಾರ್ ಸಾಹೇಬರು, ಸಾಮಿಲ್ಲಿನ ಯಜಮಾನರು. ಗರಗಸದ ಸದ್ದಿನೊಳಗೆ ಮಾತಾಡಿ ರೂಢಿಯಾದ್ದರಿಂದ ಅವರ ಗಂಟಲಿಗೆ ನಮ್ಮ ಗ್ಯಾಲರಿಯಲ್ಲಿ ದೊಡ್ಡ ಮರ್ಯಾದೆ. ಸಮಿತಿ ಸೇರಿದಾಗ ಅವರು ಕಲ್ಲುಸಕ್ಕರೆ ಚೀಪುತ್ತಾ, "ಅರ್ಧ ಕೊಟ್ಮೇಲೆ ನಾವು ಆಡೋದ್ಯಾಕೆ ಗುರುಸಿದ್ದಯ್ಯ? ಅವ್ರು ಎಮ್ಮೆ ಕಾಯೋ ಜನ, ಒಬ್ಬೊಬ್ರ ಕೂಗು ಗುಡ್ಡ ದಾಟುತ್ತೆ. ನಮ್ಮೋರು ಅಂಗಡಿಲಿ ಕೂತು ಪಿಸುಪಿಸು ಅನ್ನೋ ಜನ" ಎಂದರು. ಎಲ್ಲರೂ ನನ್ನ ಮುಖ ನೋಡಿದರು. ಕಪ್ಪು ಕೈತಪ್ಪಿದರೆ ಈ ಮುಖವನ್ನು ಪೇಟೆಬೀದಿಯಲ್ಲಿ ಹೊತ್ತು ತಿರುಗಬೇಕಾದವನು ನಾನು. ಆಗ ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಅಂಥದ್ದು ಹೊಳೆದಾಗ ಹಾಗೇ ಎದ್ದು ಮನೆಗೆ ಹೋಗಿ ಮಲಗಬೇಕು ಎನ್ನುವ ಬುದ್ಧಿ ಈಗ ಬಂದಿದೆ.

"ಮಂಡಳಿ ಏನಂದಿದೆ? ಅರ್ಧ ಆಚೆಯೂರಿನವರಿಗೆ ಅಂತ ತಾನೆ" ಎಂದೆ. "ಆಚೆಯೂರಿನವರು ಅಂದ್ರೆ ಯಾರು? ಅಲ್ಲಿ ಹುಟ್ಟಿದವರು. ನಮ್ಮ ಮನೆಗಳಿಗೆ ಬಂದಿರೋ ಸೊಸೆಯಂದಿರು ಎಲ್ಲಿ ಹುಟ್ಟಿದ್ರು? ಅವರಿಗೇ ಮೊದಲು ಟಿಕೆಟ್ ಕೊಡೋಣ. ಅವರ ಗ್ಯಾಲರಿಲಿ ಮುಕ್ಕಾಲು ಅಲ್ಲಿಗೇ ಭರ್ತಿ."

"ಅವ್ರು ಅಲ್ಲಿ ಕೂತು ಯಾರಿಗೆ ಕೂಗ್ತಾರಪ್ಪ?" ಎಂದು ಸಾಹೇಬರು ಕೇಳಿದರು.

"ಕೂಗೋದ್ಯಾಕೆ? ಬಾಯಿ ಮುಚ್ಕೊಂಡು ಕೂತ್ಕೊಂಡ್ರೆ ಸಾಕು" ಎಂದೆ.

ಸಾಹೇಬರು ಕಲ್ಲುಸಕ್ಕರೆಯನ್ನು ಕಟಕ್ಕನೆ ಕಡಿದರು. ಹುಲ್ಲಿನ ಜಾಗದಲ್ಲಿ ಹೆಂಡಂದಿರು. ಕಾನೂನಿಗೆ ಕಾನೂನು, ನ್ಯಾಯಕ್ಕೆ ನ್ಯಾಯ. ಅವತ್ತು ನನ್ನನ್ನು ಮನೆಯ ಬಾಗಿಲವರೆಗೆ ಬಂದು ಬಿಟ್ಟುಹೋದರು.

ಮಾರನೆಯ ದಿನ ಷಡಕ್ಷರಿ ಟಿಕೆಟ್ ಮಾತುಕತೆಗೆಂದು ಗುಡ್ಡ ಇಳಿದು ಬಂದ. ಜಗಳ ಮಾಡುತ್ತಾನೆಂದು ನಾನು ಸೊಂಟ ಬಿಗಿದು ಕೂತಿದ್ದೆ. ಅವನು ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಸರಿಯಾಗೇ ಹೇಳಿದ್ರಿ ಭಾವ. ನಮ್ಮೂರಲ್ಲಿ ಹುಟ್ಟಿದ ಹೆಣ್ಮಕ್ಕಳು ನಮ್ಮೋರೇ. ಹಾಗಾದ್ರೆ ನಿಮ್ಮೂರಲ್ಲಿ ಹುಟ್ಟಿ ನಮ್ಮನೆಗಳಿಗೆ ಬಂದೋರು ನಿಮ್ಮ ಪಾಲಿಗೆ ಲೆಕ್ಕ ಅಲ್ವಾ? ಅವ್ರನ್ನೂ ಕಳಿಸ್ತೀನಿ. ನಿಮ್ಮ ಗ್ಯಾಲರಿಲಿ ಕೂತ್ಕೋತಾರೆ, ಪಾಪ, ಬಾಯಿ ಮುಚ್ಕೊಂಡು" ಎಂದ. ಅಳತೆಯ ಕೋಲನ್ನು ನಾನೇ ಅವನ ಕೈಗೆ ಕೊಟ್ಟಿದ್ದೆ, ಇನ್ನು ಕಸಿದುಕೊಳ್ಳುವ ಹಾಗಿರಲಿಲ್ಲ. ಒಪ್ಪಿಕೊಂಡೆ.

ಇಷ್ಟನ್ನೂ ಮಂಗಳೆ ಒಳಗಿನಿಂದ ಕೇಳಿಸಿಕೊಂಡಿದ್ದಳು. ತಮ್ಮನಿಗೆ ಎಲೆಅಡಿಕೆ ಕೊಟ್ಟು ಕಳಿಸಿ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. "ಒಂದು ಕೇಳ್ಲಾ? ಇಷ್ಟು ವರ್ಷ ನಾನು ಟಿಕೆಟ್ ಕೇಳಿದಾಗೆಲ್ಲ ನೀನು ನಮ್ಮನೆಯವಳು, ಆ ಊರಿನ ಗ್ಯಾಲರಿಲಿ ಹೇಗೆ ಕೂತ್ಕೋತೀಯ ಅಂದ್ರಿ. ಇವತ್ತು ನೋಡಿದ್ರೆ ಆಚೆಯೂರಿನವಳಾಗಿಬಿಟ್ಟೆ. ನಾನು ಯಾವೂರವಳು ಅಂತ ನೀವೇ ಒಂದು ಸಲ ನಿಕ್ಕಿಯಾಗಿ ಹೇಳ್ಬಿಡಿ" ಎಂದಳು. ಮೆತ್ತಗೇ ಹೇಳಿದಳು. "ಇದು ಬರೀ ಲೆಕ್ಕಾಚಾರಕ್ಕೆ ಮಾಡಿದ್ದು ಕಣೇ" ಎಂದೆ. "ನಾನೂ ಲೆಕ್ಕಕ್ಕೆ ಮಾತ್ರಾನಾ?" ಎಂದು ಕೇಳಿ ಒಳಗೆ ಹೋದಳು. ನನಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು, ನಿಜ. ಆದರೆ ಅಂಗಡಿ ತೆಗೆಯುವ ಹೊತ್ತಾಗಿತ್ತು, ಚುಚ್ಚಿದ್ದನ್ನು ಅಲ್ಲೇ ಬಿಟ್ಟು ಹೊರಟೆ.

ಆ ವಾರ ನನ್ನ ಅಂಗಡಿಯಲ್ಲಿ ದೀಪಾವಳಿಗೂ ಇಲ್ಲದ ನೂಕುನುಗ್ಗಲು. ನಮ್ಮೂರ ಗಂಡಂದಿರೆಲ್ಲ ಬಾಯಿ ಮುಚ್ಚಿಕೊಂಡು ಕೂರುವುದಕ್ಕೆಂದು ಹೆಂಡಂದಿರಿಗೆ ಸೀರೆ ಕೊಂಡರು. ಎರಡು ದಿನ ಬಿಟ್ಟು ಆಚೆಯೂರಿನ ಗಂಡಂದಿರು ಬಂದು ಅದೇ ಕಾರಣಕ್ಕೆ ಅವರವರ ಹೆಂಡಂದಿರಿಗೆ ಕೊಂಡರು. ಅದರ ಹಿಂದೆಯೇ ಎರಡೂರಿನ ಅಣ್ಣತಮ್ಮಂದಿರು ಬಂದು, ಗಂಡನ ಮಾತು ಕಿವಿಗೆ ಹಾಕಿಕೊಳ್ಳದೆ ತವರಿಗಾಗಿ ಗಟ್ಟಿಯಾಗಿ ಒಂದು ಕೂಗು ಹಾಕಲಿ ಎಂದು ಅಕ್ಕತಂಗಿಯರಿಗೆ ಕುಪ್ಪಸದ ಕಣ ಹರಿಸಿಕೊಂಡು ಹೋದರು. ನಾನು ನಿಷ್ಪಕ್ಷಪಾತವಾಗಿ ಎಲ್ಲರಿಗೂ ಬೆರಳಗಲ ಜಾಸ್ತಿ ಬಿಟ್ಟೆ. ಮಂಗಳೆಗೂ ಒಂದು ಆನಂದಬಣ್ಣದ ರೇಷ್ಮೆ ತೆಗೆದುಕೊಂಡು ಹೋದೆ. "ಇದು ಯಾವೂರವಳಿಗೆ ತಂದಿದ್ದು?" ಎಂದು ಕೇಳಿ, ಮಡಿಕೆ ಬಿಚ್ಚದೆ ಕಪಾಟಿನಲ್ಲಿಟ್ಟಳು. ಪಂದ್ಯದ ದಿನ ಹಳೆಯ ನೂಲಿನ ಸೀರೆಯಲ್ಲೇ ಹೊರಟಳು. ಕೈಯಲ್ಲಿ ಮಾತ್ರ ದೊಡ್ಡ ತಂಬಿಗೆಯಲ್ಲಿ ಮಜ್ಜಿಗೆ ಇತ್ತು.

ಬೇಲಿಯ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದವನು ನಾನೇ. ಅವಳು ಟಿಕೆಟ್ ಕೊಟ್ಟಳು, ಹರಿದು ಅರ್ಧ ವಾಪಸು ಕೊಟ್ಟೆ. ಒಳಗೆ ಕಾಲಿಟ್ಟವಳು ಚಪ್ಪಲಿ ಕಳಚಿ ಹುಲ್ಲಿನ ಮೇಲೆ ಬರಿಗಾಲಲ್ಲಿ ಒಂದು ಕ್ಷಣ ನಿಂತಳು. ಆಮೇಲೆ ಹಿಂದಿರುಗಿ ನೋಡದೆ ಆಚೆಯೂರಿನ ಗ್ಯಾಲರಿಗೆ ನಡೆದಳು. ನಾನು ಬಾಗಿಲು ಮುಚ್ಚಿಕೊಂಡು ಸಾಹೇಬರ ಪಕ್ಕ, ಮುಖ್ಯಸ್ಥನ ಕುರ್ಚಿಯಲ್ಲಿ ಹೋಗಿ ಕೂತೆ.

ಮೊದಲು ಎಲ್ಲ ಅಂದುಕೊಂಡ ಹಾಗೇ ನಡೆಯಿತು. ಎರಡು ಗ್ಯಾಲರಿಗಳಲ್ಲೂ ಒಂದು ಭಾಗ ಗಂಡಸರು ಗಂಟಲು ಹರಿದುಕೊಳ್ಳುವುದು, ಉಳಿದ ಭಾಗ ಹೆಂಗಸರು ಹೊಸ ಸೀರೆ ಉಟ್ಟು ಗೊಂಬೆ ಕೂರಿಸಿದ ಹಾಗೆ ಕೂತಿರುವುದು. ಸಾಹೇಬರು ಎದ್ದುನಿಂತು ಸಾಮಿಲ್ಲಿನ ಕೂಗೊಂದನ್ನು ತೆಗೆದರು, ಚೆಂಡು ನಮ್ಮ ಕಡೆ ಸುತ್ತಿ ಬಂದು ಬಲೆಗೆ ಬಿತ್ತು. ನಾವು ಕುಣಿದೆವು. ನಾನು ಆಚೆಯೂರಿನ ಗ್ಯಾಲರಿಯತ್ತ ನೋಡಿದೆ. ಷಡಕ್ಷರಿ ಅಕ್ಕನ ಮುಂದೆ ನಿಂತು ಒಂದು ಕೂಗು ಹಾಕೆಂದು ಕೈಮುಗಿಯುತ್ತಿದ್ದ, ಅವಳು ತಲೆ ಅಲ್ಲಾಡಿಸುತ್ತಿದ್ದಳು. ನನಗೆ ಹೆಮ್ಮೆಯಾಯಿತು. ಹೆಂಡತಿಯೆಂದರೆ ಹೀಗಿರಬೇಕು ಎಂದು ಸಾಹೇಬರಿಗೆ ಹೇಳಿಯೂ ಬಿಟ್ಟೆ.

ಆದರೆ ನಾನು ಒಂದನ್ನು ಮರೆತಿದ್ದೆ. ಆ ಹೆಂಗಸರೆಲ್ಲ ಒಂದೇ ಊರಿನಲ್ಲಿ ಕೂಡಿ ಆಡಿ ಬೆಳೆದವರು. ನಮ್ಮೂರಿಗೆ ಬಂದು ಬೇರೆಬೇರೆ ಬೀದಿಗಳ ಬೇರೆಬೇರೆ ಒಲೆಗಳ ಮುಂದೆ ಹಂಚಿಹೋದವರು. ಮದುವೆಯಾದ ಮೇಲೆ ಎಲ್ಲರೂ ಒಟ್ಟಿಗೆ ಒಂದು ಕಡೆ ಕೂತದ್ದು ಅವತ್ತೇ ಮೊದಲು, ಕೂರಿಸಿದವನು ನಾನೇ. ಅಂಥವರನ್ನು ಒತ್ತೊತ್ತಾಗಿ ಕೂರಿಸಿ ಮಾತಾಡಬೇಡಿ ಎಂದರೆ ಎಷ್ಟು ಹೊತ್ತು ನಡೆದೀತು? ಮಂಗಳೆ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಅವಳು ಅದನ್ನು ಆಚೆಯವಳಿಗೆ ದಾಟಿಸಿದಳು. ಸಾಲಿನಿಂದ ಸಾಲಿಗೆ ಅದು ಹತ್ತಿಕೊಂಡು ಹೋಗಿ, ಕೊನೆಯ ಮೆಟ್ಟಿಲು ಮುಟ್ಟಿದಾಗ ಇಡೀ ಗ್ಯಾಲರಿ ಒಂದೇ ಸಲ ನಕ್ಕಿತು. ಚೆಂಡು ಮೈದಾನದ ಈ ತುದಿಯಿಂದ ಆ ತುದಿಗೆ ಗೆರೆ ಎಳೆದ ಹಾಗೆ ಹೋಗಿ ನಮ್ಮ ಗೋಲಿನೊಳಗೆ ಬಿತ್ತು. ಗೋಲು ಕಾಯುತ್ತಿದ್ದ ನಮ್ಮ ಹುಡುಗ ಕೂಗನ್ನಾದರೆ ತಡೆಯಲು ಕಲಿತಿದ್ದ, ನಗುವನ್ನು ಹೇಗೆ ತಡೆಯುವುದು ಎಂದು ತಿಳಿಯದೆ ಸುಮ್ಮನೆ ನಿಂತುಬಿಟ್ಟ. ಅವಳು ಹೇಳಿದ್ದೇನೆಂದು ಇವತ್ತಿಗೂ ನನಗೆ ತಿಳಿದಿಲ್ಲ. ನನ್ನ ಬಗ್ಗೆಯೇ ಇರಬೇಕು, ಏಕೆಂದರೆ ನಕ್ಕವರೆಲ್ಲ ನಾನಿದ್ದ ಕಡೆಗೇ ನೋಡಿದರು.

ಒಂದಕ್ಕೊಂದು ಸಮವಾಗಿ ಬಿಡುವು ಬಂತು. ಜನ ಗ್ಯಾಲರಿ ಬದಲಿಸಲು ಎದ್ದರು. ಗಂಡಸರು ಗೊಣಗುತ್ತಾ ದಾಟಿಹೋದರು. ಹೆಂಗಸರು ಮಾತ್ರ ನಡುವೆ ಬಂದು ನಿಂತರು, ಆ ಕಡೆಯಿಂದ ಮಂಗಳೆಯ ಗುಂಪು, ಈ ಕಡೆಯಿಂದ ನನ್ನ ತಂಗಿ ಶಶಿರೇಖೆಯ ಗುಂಪು. ಶಶಿರೇಖೆ ಮಂಗಳೆಯ ಕೈ ಹಿಡಿದುಕೊಂಡು, "ಅತ್ತಿಗೆ, ಆ ಗ್ಯಾಲರಿಲಿ ನಿಮಗೆ ನಮ್ಮಣ್ಣ ಸುಮ್ನಿರು ಅಂತಾನೆ, ಈ ಗ್ಯಾಲರಿಲಿ ನಂಗೆ ನಿಮ್ಮ ತಮ್ಮ ಸುಮ್ನಿರು ಅಂತಾರೆ. ಕಾಲು ನೋಯುತ್ತೆ, ಇಲ್ಲೇ ಕೂತ್ಕೊಳ್ಳೋಣ" ಎಂದಳಂತೆ. ಮೈದಾನದ ನಡುಗೆರೆ ಬೇಲಿಗೆ ತಾಗುವಲ್ಲಿ, ನಮ್ಮ ಹಿತ್ತಿಲಿನ ನುಗ್ಗೆಮರದ ನೆರಳಿನಲ್ಲಿ, ಚಾಪೆಗಳನ್ನು ಹಾಸಿ ಎರಡೂರಿನ ಹೆಂಗಸರು ಕೂತರು. ಮಂಗಳೆಯ ತಂಬಿಗೆಯ ಮಜ್ಜಿಗೆ ಸುತ್ತು ಬಂತು. ಬುತ್ತಿಗಳು ಬಿಚ್ಚಿದವು. ಮಾತು ಶುರುವಾಯಿತು.

ರೆಫರಿ ಸೀಟಿ ಊದಿ ಚೆಂಡನ್ನು ನಡುವೆ ಇಟ್ಟ. ಚೆಂಡು ಆ ಕಡೆಗೂ ಹೋಗಲಿಲ್ಲ, ಈ ಕಡೆಗೂ ಹೋಗಲಿಲ್ಲ. ಸೀದಾ ಉರುಳಿ ನುಗ್ಗೆಮರದ ಕೆಳಗೆ ಹೋಗಿ ಮಂಗಳೆಯ ಮಡಿಲಲ್ಲಿ ಕೂತಿತು. ರೆಫರಿ ಹೋಗಿ ತಂದ, ಇಟ್ಟ, ಅದು ಮತ್ತೆ ಹೋಯಿತು. ಗಫಾರ್ ಸಾಹೇಬರು ಕೂಗಿದರು, ಷಡಕ್ಷರಿಯ ಎಮ್ಮೆ ಕಾಯುವವರು ಕೂಗಿದರು, ಎರಡು ಗ್ಯಾಲರಿಗಳೂ ಒಂದಾಗಿ ಕೂಗಿದವು. ಆ ಕೂಗಿಗಿಂತ ಹೆಂಗಸರ ಹರಟೆಯೇ ಗಟ್ಟಿ ಇತ್ತು. ಯಾರ ಮಗಳು ಮೈನೆರೆದಳು, ಯಾರ ಅತ್ತೆಗೆ ಮಂಡಿನೋವು, ಬಾವಿಕಟ್ಟೆಯ ಹತ್ತಿರದ ಆ ಪಾರಿಜಾತ ಇನ್ನೂ ಇದೆಯಾ, ಕಡಿದುಬಿಟ್ಟರಾ. ಅಷ್ಟು ವರ್ಷಗಳಿಂದ ಕೂಡಿಟ್ಟಿದ್ದ ಮಾತಿನ ಮುಂದೆ ಪುಡಿಗಾಸಿನ ಕೂಗಿಗೆ ಚೆಂಡು ಏಕೆ ಕಿವಿಗೊಡುತ್ತದೆ?

ಕೊನೆಗೆ ಮಂಡಳಿಯ ಕಡೆಯಿಂದ ಬಂದಿದ್ದ ಅಧಿಕಾರಿ ಎದ್ದು, "ಟಿಕೆಟ್ ಹಂಚಿದವರು ಯಾರ್ರೀ? ಬಂದು ಸರಿಮಾಡಿ" ಎಂದರು. ಸಾಹೇಬರು ನನ್ನ ಬೆನ್ನು ನೂಕಿದರು. ಎರಡೂರಿನ ಕಣ್ಣುಗಳ ನಡುವೆ ನಡೆದುಕೊಂಡು ನುಗ್ಗೆಮರದ ಹತ್ತಿರ ಹೋದೆ. ಷಡಕ್ಷರಿಯೂ ಆ ಕಡೆಯಿಂದ ಬಂದ. ಮಂಗಳೆ ಚೆಂಡಿನ ಮೇಲೆ ಕೈಯಿಟ್ಟುಕೊಂಡು, ಹೆಂಗಸರಿಗೆಲ್ಲ ಸುಮ್ಮನಿರಲು ಸನ್ನೆ ಮಾಡಿದಳು. ಆಮೇಲೆ ಬಾಯಿ ಬಿಟ್ಟಳು. ಅದು ಹತ್ತಿಯ ದನಿಯಲ್ಲ, ಚಾಪೆ ಮರೆತ ತಮ್ಮನನ್ನು ಕೂಗಿದ ದನಿ.

"ಚೆಂಡು ಕೊಡ್ತೀನಿ. ಮೊದಲು ನಾನು ಯಾವೂರವಳು ಹೇಳಿ."

ಇಡೀ ಮೈದಾನಕ್ಕೆ ಕೇಳಿಸಿತು. ಬುಟ್ಟಿಯೊಳಗಿನ ಹುಂಜಗಳಿಗೂ ಕೇಳಿಸಿರಬೇಕು. ಅಧಿಕಾರಿ ಕತ್ತು ಚಾಚಿದರು. ನಮ್ಮೂರವಳು ಎಂದರೆ ಆಚೆಯೂರಿನ ಪಾಲಿನ ಟಿಕೆಟನ್ನು ನಮ್ಮವಳಿಗೆ ಕೊಟ್ಟ ಹಾಗಾಗುತ್ತದೆ, ಹಂಚಿಕೆ ಮೋಸ, ಕಪ್ಪು ಹೋಯಿತು. ಆಚೆಯೂರಿನವಳು ಎಂದರೆ ಕಪ್ಪು ಉಳಿದೀತು. ಷಡಕ್ಷರಿ, "ಅಕ್ಕ, ನೀನು ನಮ್ಮವಳೇ" ಎಂದು ಶುರುಮಾಡಿದ. ಅವಳು ಅವನ ಕಡೆ ತಿರುಗಿ, "ನಮ್ಮವಳಾದ್ರೆ ಅಲ್ಲಿ ಟಿಕೆಟ್ ಯಾಕೆ ಕೊಡ್ಲಿಲ್ಲ?" ಎಂದಳು. ದೂರದಲ್ಲಿ ಸಾಹೇಬರು ಕೈಯೆತ್ತಿ ಗುಡ್ಡದ ಕಡೆ ತೋರಿಸುತ್ತಿದ್ದರು, ಆಚೆಯೂರಿನವಳು ಅನ್ನು ಮಾರಾಯ, ಅಂತ.

ನಾನು ಅವಳ ಮುಖ ನೋಡಿದೆ. ಹಳೆಯ ನೂಲಿನ ಸೀರೆ, ಕಪಾಟಿನಲ್ಲಿ ಮಡಿಕೆ ಬಿಚ್ಚದ ರೇಷ್ಮೆ, ವರ್ಷವರ್ಷವೂ ಹೊಸೆದ ಹೂಬತ್ತಿ ಎಲ್ಲ ಒಟ್ಟಿಗೆ ನೆನಪಾದವು. ದುಃಖ ಉಕ್ಕಿ ಬಂತು. ಕಪ್ಪು ಹೋದರೆ ಹೋಗಲಿ ಎನ್ನಿಸಿತು. "ನೀನು ಎರಡೂ ಊರಿನವಳು ಕಣೇ" ಎಂದೆ. "ಲೆಕ್ಕದಲ್ಲಿ ನಿನಗೆ ಎರಡು ಟಿಕೆಟ್ ಬರ್ಬೇಕಾಗಿತ್ತು. ನಾವು ಎರಡೂರಿನೋರು ಸೇರಿ ಒಂದೂ ಕೊಡ್ಲಿಲ್ಲ. ಹಂಚಿದ್ದು ತಪ್ಪು." ಕಡೆಯ ಮಾತನ್ನು ಅಧಿಕಾರಿಗೂ ಕೇಳುವ ಹಾಗೆ ಹೇಳಿದೆ.

ಮಂಗಳೆ ಚೆಂಡಿನ ಮೇಲಿನ ಕೈ ತೆಗೆದಳು. ಆಮೇಲೆ, "ಅಳತೆ ಬರುತ್ತೆ ನಿಮಗೆ. ಮನಸ್ಸು ಮಾಡಿದ್ರೆ" ಎಂದು ಚೆಂಡನ್ನು ನನ್ನ ಕೈಗೆ ಕೊಟ್ಟಳು. ಎದ್ದು ನಿಂತು ಎರಡೂ ಗ್ಯಾಲರಿಗಳಿಗೆ ಹೇಳಿದಳು. "ಇನ್ನು ಯಾರಾದ್ರೂ ಕೂಗಿದ್ರೆ ನಾನೂ ಕೂಗ್ತೀನಿ. ಅವ್ರ ವಿರುದ್ಧ." ಅಷ್ಟೂ ಜನ ಬಾಯಿಗೆ ಬೀಗ ಹಾಕಿಕೊಂಡು ಕೂತರು.

ಮೊಟ್ಟಮೊದಲ ಬಾರಿಗೆ ನಮ್ಮ ಮೈದಾನದಲ್ಲಿ ನಿಶ್ಶಬ್ದದಲ್ಲಿ ಆಟ ನಡೆಯಿತು. ಚೆಂಡು ಇಟ್ಟಲ್ಲೇ ಕೂತಿತ್ತು. ಆಟಗಾರರು ಅದನ್ನು ಸುತ್ತುವರಿದು ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒದೆಯಬೇಕು ಎನ್ನುವುದು ಯಾರಿಗೋ ಹೊಳೆದು ಒದ್ದ, ಕಾಲುಬೆರಳು ಹಿಡಿದುಕೊಂಡು ಕೂತ. ನಮ್ಮೂರಿನ ಶೂರರೆಲ್ಲ ಅವತ್ತು ಚೆಂಡನ್ನು ಬಿಟ್ಟು ಉಳಿದ ಎಲ್ಲವನ್ನೂ ಒದ್ದರು. ಅವರೂ ಅಷ್ಟೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗು ತಡೆದರು. ಸಮವಾಗಿಯೇ ಮುಗಿಯುವುದಿತ್ತು. ಆದರೆ ವಾರವಿಡೀ ಕಲ್ಲುಸಕ್ಕರೆ ತಿಂದಿದ್ದ ಗಫಾರ್ ಸಾಹೇಬರಿಗೆ ಕೆಮ್ಮು ಬಂತು. ಅವರು ತಡೆದರು, ಮುಖ ಬದನೆಕಾಯಿಯಾಯಿತು, ಕೊನೆಗೆ ಕೆಮ್ಮಿಬಿಟ್ಟರು. ಚೆಂಡು ಅವರತ್ತ ಹೊರಟಿತು. ಮಂಗಳೆ ಕೊಟ್ಟ ಮಾತಿಗೆ ತಪ್ಪುವವಳಲ್ಲ, ಬಾಯಿ ತೆರೆದಳು. ಅರ್ಧ ದಾರಿಯಲ್ಲಿದ್ದ ಚೆಂಡು ತಿರುಗಿ ನುಗ್ಗೆಮರದ ಕಡೆ ಹಾರಿ, ಬೇಲಿ ದಾಟಿ, ನಮ್ಮ ಹಿತ್ತಿಲಲ್ಲಿ ಬಿತ್ತು. ರೆಫರಿ ಗಡಿಯಾರ ನೋಡಿಕೊಂಡು ಸೀಟಿ ಊದಿದ. ಅಧಿಕಾರಿ ಬಹಳ ಹೊತ್ತು ತಲೆ ಕೆರೆದುಕೊಂಡು, ಕಪ್ಪು ಯಾರ ಹತ್ತಿರವೂ ಬೇಡ, ಚೆಂಡು ಎಲ್ಲಿ ಬಿದ್ದಿದೆಯೋ ಅಲ್ಲೇ ಇರಲಿ ಎಂದರು. ಈಗ ಆ ಕಪ್ಪಿನಲ್ಲಿ ಮಂಗಳೆ ಹುಣಸೆಹಣ್ಣು ತುಂಬಿಟ್ಟಿದ್ದಾಳೆ.

ಮರುವರ್ಷ ನುಗ್ಗೆಮರದ ಕೆಳಗೆ ಮೂರನೆಯ ಗ್ಯಾಲರಿ ಎದ್ದಿತು. ಟಿಕೆಟುಗಳಲ್ಲಿ ಈಗ ಮೂರು ಪಾಲು, ಹಂಚುವ ಸಮಿತಿಗೆ ಸರ್ವಮಂಗಳ ಮುಖ್ಯಸ್ಥೆ, ಶಶಿರೇಖೆ ಉಪಮುಖ್ಯಸ್ಥೆ. ಹುಲ್ಲಿಗೂ ಬೆರಣಿಗೂ ಜಾಗವಿಲ್ಲ. ಒಲೆಯ ಮುಂದಿನಿಂದ ಅವಳು ಊಟಕ್ಕೆ ಕರೆದರೆ ಈಗ ಅಂಗಡಿಯಲ್ಲಿರುವ ನನಗೂ ಕೇಳುತ್ತದೆ, ಗಿರಾಕಿಗಳಿಗೂ ಕೇಳುತ್ತದೆ. ಆ ವರ್ಷ ಟಿಕೆಟ್ಟಿನ ಸಾಲಿನಲ್ಲಿ ನಿಂತು ನನ್ನ ಸರದಿ ಬಂದಾಗ ಅವಳ ಮುಂದೆ ಕೈಚಾಚಿದೆ. ಅವಳು ತಲೆಯೆತ್ತದೆ, "ಯಾವ ಕಡೆಯೋರು?" ಎಂದು ಕೇಳಿದಳು.

ಹಿಂದೆ ನಿಂತಿದ್ದ ಸಾಹೇಬರು ಕಿವಿ ನಿಮಿರಿಸಿದರು. ಈ ಊರಿನಲ್ಲೇ ಹುಟ್ಟಿ ಬೆಳೆದವನು ನಾನು, ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. "ನಿನ್ನ ಕಡೆಯೋನು" ಎಂದೆ.

ಅವಳು ನಡುಗ್ಯಾಲರಿಯ ಒಂದು ಟಿಕೆಟ್ ಹರಿದು, ಅದರ ಜೊತೆಗೆ ಮಡಿಸಿದ ಒಂದು ಅಂಗಿಬಟ್ಟೆಯನ್ನೂ ನನ್ನ ಕೈಗಿಟ್ಟಳು. ನನ್ನ ಅಂಗಡಿಯದೇ ಬಟ್ಟೆ, ಬೆರಳಗಲ ಜಾಸ್ತಿ ಬಿಟ್ಟು ಹರಿದದ್ದು. "ಹೋಗಿ ಕೂತ್ಕೊಳ್ಳಿ. ಬಾಯಿ ಮುಚ್ಕೊಂಡು ಕೂತ್ಕೊಂಡ್ರೆ ಸಾಕು" ಎಂದಳು.